ಹಳೆಯ ಮೋಟಾರ್ ಬೋಟಿಗೆ ಬದಲಿ ಎಂಜಿನ್ ಆರಿಸುವ ಮುನ್ನ

ಹಳೆಯ ಮೋಟಾರ್ ಬೋಟಿನ ಎಂಜಿನ್ ಕೈಕೊಟ್ಟಾಗ ಮಾಲೀಕರ ತಲೆಯಲ್ಲಿ ಒಂದೇ ಪ್ರಶ್ನೆ ಸುತ್ತತೊಡಗುತ್ತದೆ: ಹೊಸದನ್ನು ಕೊಳ್ಳುವುದೋ, ಯಾರೋ ರೀಬಿಲ್ಡ್ ಮಾಡಿದ್ದನ್ನು ತರುವುದೋ, ಇರುವುದನ್ನೇ ಇಳಿಸಿ ಓವರ್‌ಹಾಲ್ ಮಾಡಿಸುವುದೋ? ಈ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುವ ಮೊದಲು ಹಳೆಯ ಎಂಜಿನ್ ಕೆಟ್ಟದ್ದು ಏಕೆ ಎಂಬುದು ತಿಳಿದಿರಲೇಬೇಕು ಎನ್ನುವುದು ನನ್ನ ದೃಢವಾದ ಅಭಿಪ್ರಾಯ. ಅದು ವರ್ಷಗಟ್ಟಲೆ ದುಡಿದು ಸವೆದು ನಿಂತಿತೇ, ಅಥವಾ ಅದರ ಸುತ್ತಲಿನ ಯಾವುದೋ ಭಾಗ ಅದನ್ನು ಹಾಳುಗೆಡವಿತೇ? ಎರಡನೆಯದು ನಿಜವಾಗಿದ್ದರೆ ಆ ಭಾಗ ಇನ್ನೂ ಬೋಟಿನೊಳಗೇ ಇದೆ, ಮತ್ತು ಎಷ್ಟೇ ಒಳ್ಳೆಯ ಎಂಜಿನ್ ತಂದು ಕೂರಿಸಿದರೂ ಅದನ್ನೂ ಹಾಳುಗೆಡವುತ್ತದೆ.

ಉಪ್ಪುನೀರಿನಲ್ಲಿ ಓಡುವ ಪೆಟ್ರೋಲ್ ಇನ್‌ಬೋರ್ಡ್ (ಬೋಟಿನ ಒಡಲೊಳಗೆ ಕೂರುವ) ಎಂಜಿನ್ನುಗಳಲ್ಲಿ ಮೊದಲ ಅನುಮಾನ, ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮತ್ತು ಅದರ ಮೇಲೆ ಕೂತು ಹೊಗೆಯನ್ನು ಮುಂದಕ್ಕೆ ಒಯ್ಯುವ ರೈಸರ್ ಮೇಲೆ ಹೋಗಬೇಕು. ಇವು ಎರಡು ಗೋಡೆಗಳಿರುವ ಎರಕದ ಕಬ್ಬಿಣದ ಭಾಗಗಳು. ಒಳದಾರಿಯಲ್ಲಿ ಬಿಸಿ ಹೊಗೆ ಹರಿದರೆ ಹೊರಗಿನ ಜಾಕೆಟ್ಟಿನಲ್ಲಿ ತಂಪುಗೊಳಿಸುವ ನೀರು ಹರಿಯುತ್ತದೆ. ಸಮುದ್ರದ ನೀರು ನೇರವಾಗಿ ಹಾಯುವ ಬೋಟುಗಳಲ್ಲಿ ಐದಾರು ವರ್ಷಗಳೊಳಗೆ ಇವುಗಳ ಒಳಗೋಡೆ ತುಕ್ಕು ಹಿಡಿದು ತೆಳುವಾಗುವುದು ಸಾಮಾನ್ಯ. ಅಲ್ಲಿಂದ ಜಿನುಗಿದ ನೀರು, ಎಂಜಿನ್ ನಿಂತಿರುವಾಗ, ತೆರೆದುಕೊಂಡಿರುವ ಎಕ್ಸಾಸ್ಟ್ ವಾಲ್ವಿನ ಮೂಲಕ ಸಿಲಿಂಡರಿಗೆ ಇಳಿಯುತ್ತದೆ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಮುಂದಿನ ಸಲ ಸ್ಟಾರ್ಟರ್ ತಿರುಗಿದೊಡನೆ ಪಿಸ್ಟನ್ ಆ ನೀರಿಗೆ ಡಿಕ್ಕಿ ಹೊಡೆದು, ಅದನ್ನು ಕ್ರ್ಯಾಂಕಿಗೆ (ಎಂಜಿನ್ನಿನ ತಿರುಗುವ ದಂಡಕ್ಕೆ) ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಇದನ್ನು ಪತ್ತೆಹಚ್ಚಲು ದುಬಾರಿ ಉಪಕರಣವೇನೂ ಬೇಕಾಗಿಲ್ಲ. ರೈಸರ್ ಬಿಚ್ಚಿ, ಗ್ಯಾಸ್ಕೆಟ್ ಕೂತಿದ್ದ ಮುಖವನ್ನು ಒರೆಸದೆ, ಹಾಗೆಯೇ ಬೆಳಕಿಗೆ ಹಿಡಿದು ನೋಡಬೇಕು. ಹೊಗೆಯ ದಾರಿ ಒಣಗಿದ ಮಸಿಯಿಂದ ಒಂದೇ ಸಮನೆ ಕಪ್ಪಾಗಿದ್ದರೆ ಜೋಡಣೆ ಚೆನ್ನಾಗಿದೆ ಎಂದರ್ಥ. ನೀರಿನ ತೂತಿನಿಂದ ಹೊಗೆಯ ದಾರಿಯವರೆಗೆ ಕೆಂಗಂದು ಬಣ್ಣದ ತುಕ್ಕಿನ ಗೆರೆಯೊಂದು ಹರಿದಿದ್ದರೆ, ನೀರು ಸಾಗಿದ ಹಾದಿ ಅದೇ. ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ ಬಿಚ್ಚಿದಾಗ ಯಾವುದೋ ಒಂದು ಸಿಲಿಂಡರಿನ ಗೋಡೆಯ ಮೇಲೆ, ಪಿಸ್ಟನ್ ನಿಂತಿದ್ದ ಎತ್ತರದಲ್ಲಿ ಬಳೆಯಾಕಾರದ ತುಕ್ಕಿನ ಗುರುತು ಕಂಡರೆ ಆ ಸಿಲಿಂಡರಿನಲ್ಲಿ ನೀರು ನಿಂತಿತ್ತು ಎಂಬುದರಲ್ಲಿ ಸಂಶಯವಿಲ್ಲ. ಹಳೆಯ ಮ್ಯಾನಿಫೋಲ್ಡ್ ಮತ್ತು ರೈಸರುಗಳನ್ನು ಹೊಸ ಎಂಜಿನ್ನಿಗೆ ಹಾಕಿ ಹಣ ಉಳಿಸುವ ಆಲೋಚನೆಯನ್ನು ನಾನು ಯಾವ ಸಂದರ್ಭದಲ್ಲೂ ಒಪ್ಪುವುದಿಲ್ಲ. ಹೊಸದನ್ನು ಹಾಕುವಾಗ ರೈಸರಿನ ಎತ್ತರವನ್ನೂ ಅಳೆಯಬೇಕು. ನೀರು ಹೊಗೆಯೊಡನೆ ಬೆರೆಯುವ ಜಾಗ ಬೋಟಿನ ನೀರಿನ ಮಟ್ಟಕ್ಕಿಂತ ಒಂದು ಅಡಿಯಷ್ಟಾದರೂ ಮೇಲಿರುವುದು ಕ್ಷೇಮ.

ಎಂಜಿನ್ ಕಾದು ಕೆಟ್ಟಿದ್ದರೆ ನೀರಿನ ದಾರಿಯನ್ನು ಹುಡುಕಬೇಕು. ನೀರೆಳೆಯುವ ಪಂಪಿನ ರಬ್ಬರ್ ಇಂಪೆಲ್ಲರಿನ ರೆಕ್ಕೆಗಳು ಮುರಿದಾಗ ಆ ತುಂಡುಗಳು ಮಾಯವಾಗುವುದಿಲ್ಲ. ಮುಂದಿನ ಆಯಿಲ್ ಕೂಲರಿನ ಬಾಯಲ್ಲೋ ಹೀಟ್ ಎಕ್ಸ್‌ಚೇಂಜರಿನ ಕೊಳವೆಗಳಲ್ಲೋ ಸಿಕ್ಕಿಕೊಂಡು, ಹೊಸ ಇಂಪೆಲ್ಲರ್ ಹಾಕಿದ ಮೇಲೂ ನೀರನ್ನು ತಡೆಯುತ್ತವೆ. ಇನ್ನು ಬೇರಿಂಗ್ ಹೋಗಿ ಎಂಜಿನ್ ಸೀಜ್ ಆಗಿದ್ದರೆ (ತಿರುಗದೆ ಬಿಗಿದುಕೊಂಡಿದ್ದರೆ) ಅದರ ಲೋಹದ ಪುಡಿ ಆಯಿಲಿನೊಡನೆ ಸುತ್ತಿ ಆಯಿಲ್ ಕೂಲರ್ ಮತ್ತು ಹೋಸುಗಳಲ್ಲಿ ಸೇರಿರುತ್ತದೆ. ಆ ಕೂಲರನ್ನು ತೊಳೆದು ಮರುಬಳಸುವುದಕ್ಕಿಂತ ಬದಲಾಯಿಸುವುದೇ ಸರಿ, ಏಕೆಂದರೆ ಅದರೊಳಗಿನ ಸಂದುಗಳಿಂದ ಪುಡಿಯನ್ನು ಪೂರ್ತಿಯಾಗಿ ತೆಗೆಯಲು ಸಾಧ್ಯವಿಲ್ಲ, ಉಳಿದ ಚೂರುಪಾರು ಹೊಸ ಬೇರಿಂಗುಗಳಿಗೇ ಹೋಗಿ ಸೇರುತ್ತದೆ.

ಕಾರಣ ತಿಳಿದ ಮೇಲೆ ಆಯ್ಕೆಯ ಮಾತು. ಹಳೆಯ ಪೆಟ್ರೋಲ್ ಬೋಟುಗಳ ಬಹುಪಾಲು ಎಂಜಿನ್ನುಗಳು ಕಾರಿನ ಬ್ಲಾಕುಗಳಿಂದಲೇ (ಸಿಲಿಂಡರುಗಳಿರುವ ಎರಕದ ಒಡಲುಗಳಿಂದಲೇ) ಹುಟ್ಟಿದವು. ಜನರಲ್ ಮೋಟರ್ಸ್‌ನ ಷೆವ್ರೊಲೆ ಸ್ಮಾಲ್ ಬ್ಲಾಕ್ ವಿ8 ಬಂದದ್ದು 1955ರಲ್ಲಿ. ಅದರ 350 ಘನ ಇಂಚಿನ, ಅಂದರೆ 5.7 ಲೀಟರಿನ ರೂಪ 1967ರಲ್ಲಿ ಬಂತು. ಮುಂದೆ ಮರ್‌ಕ್ರೂಸರ್, ವೋಲ್ವೊ ಪೆಂಟಾ, ಒಎಂಸಿ, ಕ್ರುಸೇಡರ್ ಹೀಗೆ ಬೇರೆ ಬೇರೆ ಹೆಸರುಗಳಲ್ಲಿ ಅದೇ ಬ್ಲಾಕ್ ದಶಕಗಳ ಕಾಲ ಬೋಟುಗಳಲ್ಲಿ ದುಡಿಯಿತು. ಹಾಗಾಗಿ ಕಾರಿನ ಎಂಜಿನ್ನನ್ನೇ ತಂದು ಕೂರಿಸಿದರೆ ಏನು ತಪ್ಪು ಎಂದು ಕೇಳುವವರು ಇಂದಿಗೂ ಇದ್ದಾರೆ. ತಪ್ಪು ಇದೆ, ಅದರಲ್ಲಿ ಒಂದು ಭಾಗ ಪ್ರಾಣಕ್ಕೇ ಸಂಬಂಧಿಸಿದ್ದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದದ್ದರಿಂದ ಬೋಟಿನ ತಳದಲ್ಲಿ ಸಂಗ್ರಹವಾಗುತ್ತದೆ. ಕಾರಿನಲ್ಲಾದರೆ ಅದು ನೆಲಕ್ಕೆ ಇಳಿದು ಚದುರಿಹೋಗುತ್ತದೆ. ಆದ್ದರಿಂದ ಬೋಟಿನ ಸ್ಟಾರ್ಟರ್, ಆಲ್ಟರ್ನೇಟರ್, ಡಿಸ್ಟ್ರಿಬ್ಯೂಟರುಗಳು ಒಳಗಿನ ಕಿಡಿ ಹೊರಗಿನ ಆವಿಗೆ ತಗುಲದಂತೆ ತಯಾರಾಗಿರುತ್ತವೆ. ಎಸ್‌ಎಇ ಜೆ1171 ಎಂಬ ಮಾನದಂಡ ಇರುವುದು ಇದಕ್ಕಾಗಿಯೇ. ಬೋಟಿನ ಫ್ಯೂಯೆಲ್ ಪಂಪಿನ ಡಯಾಫ್ರಂ ಹರಿದರೆ ಪೆಟ್ರೋಲ್ ಹೊರಗೆ ಸೋರದೆ ಸಣ್ಣ ಕೊಳವೆಯ ಮೂಲಕ ಕಾರ್ಬ್ಯುರೇಟರಿಗೆ ಹೋಗುವ ಏರ್ಪಾಡು ಇರುತ್ತದೆ, ಕಾರ್ಬ್ಯುರೇಟರಿನ ಬಾಯಿಗೆ ಜ್ವಾಲೆ ತಡೆಯುವ ಜಾಲರಿಯೂ ಇರುತ್ತದೆ. ಈ ಭಾಗಗಳ ಜಾಗದಲ್ಲಿ ಅಂಗಡಿಯಲ್ಲಿ ಸಿಗುವ ಕಾರಿನ ಭಾಗವನ್ನು ಹಾಕುವುದು ಅಕ್ಷರಶಃ ಸ್ಫೋಟಕ್ಕೆ ದಾರಿ ಮಾಡಿಕೊಟ್ಟಂತೆ.

ಎಂಜಿನ್ನಿನ ಒಳಗೂ ವ್ಯತ್ಯಾಸಗಳಿವೆ. ಬ್ಲಾಕಿನ ಕೋರ್ ಪ್ಲಗ್ಗುಗಳು ಉಕ್ಕಿನ ಬದಲು ಹಿತ್ತಾಳೆಯವು, ಹೆಡ್ ಗ್ಯಾಸ್ಕೆಟ್ ತುಕ್ಕು ಹಿಡಿಯದ ಲೋಹದ್ದು. ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಇನ್ನೂ ಮುಖ್ಯ: ಎರಡೂ ವಾಲ್ವುಗಳು ಒಟ್ಟಿಗೆ ತೆರೆದಿರುವ ಅವಧಿ ಹೆಚ್ಚಿರುವ, ವೇಗದ ಕಾರಿಗೆಂದು ಮಾಡಿದ ಕ್ಯಾಮ್ ಹಾಕಿದರೆ ನಿಧಾನ ವೇಗದಲ್ಲಿ ಸಿಲಿಂಡರ್ ಎಕ್ಸಾಸ್ಟಿನ ಕಡೆಯಿಂದ ನೀರಿನ ತುಂತುರನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ದುಡಿಮೆಯ ರೀತಿಯೂ ಬೇರೆ. ಸಮತಟ್ಟಾದ ರಸ್ತೆಯಲ್ಲಿ ಕಾರು ತನ್ನ ಶಕ್ತಿಯ ಸಣ್ಣ ಪಾಲನ್ನಷ್ಟೇ ಬಳಸುತ್ತದೆ. ಬೋಟಿನ ಎಂಜಿನ್ನಾದರೋ ಸದಾಕಾಲ ಭಾರ ಹೊತ್ತು ಘಾಟಿ ಏರುವ ಲಾರಿಯ ಸ್ಥಿತಿಯಲ್ಲಿ ಇರುತ್ತದೆ.

ಮಾರುವವರು ಬಳಸುವ ಮಾತುಗಳನ್ನು ಸರಿಯಾಗಿ ತಿಳಿದುಕೊಂಡಿರುವುದು ಒಳ್ಳೆಯದು. ಶಾರ್ಟ್ ಬ್ಲಾಕ್ ಎಂದರೆ ಬ್ಲಾಕ್, ಕ್ರ್ಯಾಂಕ್, ರಾಡ್ ಮತ್ತು ಪಿಸ್ಟನ್ನುಗಳು. ಲಾಂಗ್ ಬ್ಲಾಕ್ ಎಂದರೆ ಅದರ ಜೊತೆಗೆ ಹೆಡ್ಡುಗಳು, ಕ್ಯಾಮ್, ವಾಲ್ವುಗಳ ಸಾಮಗ್ರಿ. ಕಂಪ್ಲೀಟ್ ಎಂದರೆ ಮ್ಯಾನಿಫೋಲ್ಡಿನಿಂದ ಪಂಪಿನವರೆಗೆ ಎಲ್ಲವೂ ಜೋಡಿಸಿದ, ಗೇರ್‌ಬಾಕ್ಸ್ ಒಂದನ್ನು ಬಿಟ್ಟು ಉಳಿದೆಲ್ಲ ಇರುವ ಎಂಜಿನ್. ಹಳೆಯ ಬೋಟಿನ ಉಳಿದ ಸಾಮಗ್ರಿ ಗಟ್ಟಿಯಾಗಿದ್ದು ಮಾಲೀಕರಿಗೆ ಸ್ಪ್ಯಾನರ್ ಹಿಡಿಯುವ ಅಭ್ಯಾಸವಿದ್ದರೆ, ಹಳೆಯದಕ್ಕೆ ಪೂರ್ತಿ ಹೊಂದುವ, ಬೋಟಿಗೆಂದೇ ಕಟ್ಟಿದ ಲಾಂಗ್ ಬ್ಲಾಕ್ ಎಲ್ಲಕ್ಕಿಂತ ಸಮಂಜಸವಾದ ಆಯ್ಕೆ ಎಂದು ನಾನು ನಂಬುತ್ತೇನೆ. ನನ್ನ ಬೋಟಿಗೂ ಅದನ್ನೇ ಆರಿಸಿಕೊಂಡೆ. ಶಾರ್ಟ್ ಬ್ಲಾಕ್ ತಂದು ಅದರ ಮೇಲೆ ಹಳೆಯ ಹೆಡ್ಡುಗಳನ್ನು ಕೂರಿಸುವುದರಿಂದ ಆಗುವ ಉಳಿತಾಯ, ಆ ಹೆಡ್ಡುಗಳ ಬಿರುಕು ಪರೀಕ್ಷೆ, ವಾಲ್ವ್ ಸೀಟ್ ಮತ್ತು ಗೈಡುಗಳ ಕೆಲಸ ಮುಗಿಯುವಷ್ಟರಲ್ಲಿ ಬಹುತೇಕ ಕರಗಿಹೋಗಿರುತ್ತದೆ.

ಪೂರ್ತಿ ಹೊಂದುವ ಎಂಬ ಮಾತಿಗೆ ಒತ್ತು ಕೊಡಲು ಕಾರಣವಿದೆ. ಹೊರಗಿನಿಂದ ಒಂದೇ ರೀತಿ ಕಾಣುವ ಎರಡು 5.7 ಲೀಟರ್ ಬ್ಲಾಕುಗಳು ಒಂದಕ್ಕೊಂದು ಬದಲಿಯಾಗದಿರಬಹುದು. 1986ರಲ್ಲಿ ಈ ಬ್ಲಾಕಿನ ಹಿಂಬದಿಯ ಆಯಿಲ್ ಸೀಲ್ ಎರಡು ತುಂಡುಗಳಿಂದ ಒಂದೇ ತುಂಡಿಗೆ ಬದಲಾಯಿತು. ಅದರೊಂದಿಗೆ ಕ್ರ್ಯಾಂಕಿನ ಹಿಂಭಾಗದ ಆಕಾರವೂ ಬದಲಾಗಿ, ಸಮತೋಲನದ ತೂಕದ ಒಂದು ಭಾಗ ಫ್ಲೈವೀಲಿಗೆ ಹೋಯಿತು. ಆದ್ದರಿಂದ ಹಳೆಯ ಫ್ಲೈವೀಲನ್ನು ಹೊಸ ಕ್ರ್ಯಾಂಕಿಗೆ ಹಾಕಲಾಗದು. ಹೇಗಾದರೂ ಮಾಡಿ ಹಾಕಿದರೂ ಎಂಜಿನ್ ನಡುಗುತ್ತದೆ. 1996ರಲ್ಲಿ ಬಂದ ವೋರ್ಟೆಕ್ ಹೆಡ್ಡುಗಳ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಎಂಟು ಬೋಲ್ಟು, ಅದಕ್ಕೂ ಹಿಂದಿನದಕ್ಕೆ ಹನ್ನೆರಡು. ನಂತರದ ಕೆಲವು ಬ್ಲಾಕುಗಳಲ್ಲಿ ಮೆಕ್ಯಾನಿಕಲ್ ಫ್ಯೂಯೆಲ್ ಪಂಪ್ ಕೂರಿಸುವ ಜಾಗವೇ ಇಲ್ಲದೆ ಎಲೆಕ್ಟ್ರಿಕ್ ಪಂಪ್ ಹಾಕಬೇಕಾಗುತ್ತದೆ. ಆರ್ಡರ್ ಮಾಡುವಾಗ ಬೋಟಿನ ವರ್ಷ ಹೇಳಿದರೆ ಸಾಲದು, ಎಂಜಿನ್ನಿನ ಸೀರಿಯಲ್ ನಂಬರ್ ಮತ್ತು ಬ್ಲಾಕಿನ ಮೇಲಿನ ಎರಕದ ಸಂಖ್ಯೆ ಎರಡನ್ನೂ ಕೊಡಬೇಕು. ಹಳೆಯ ಬೋಟಿನಲ್ಲಿ ಹಿಂದಿನ ಮಾಲೀಕರು ಯಾವಾಗಲೋ ಎಂಜಿನ್ ಬದಲಾಯಿಸಿರುವ ಸಾಧ್ಯತೆ ಇದ್ದೇ ಇರುತ್ತದೆ.

ಎರಡು ಎಂಜಿನ್ನುಗಳ ಶಾಫ್ಟ್ ಬೋಟುಗಳಲ್ಲಿ (ಉದ್ದನೆಯ ದಂಡದ ಮೂಲಕ ಪ್ರೊಪೆಲ್ಲರ್ ತಿರುಗುವ ಬೋಟುಗಳಲ್ಲಿ) ಇನ್ನೊಂದು ತೊಡಕಿದೆ. ಎರಡು ಪ್ರೊಪೆಲ್ಲರುಗಳು ವಿರುದ್ಧ ದಿಕ್ಕುಗಳಲ್ಲಿ ತಿರುಗಬೇಕಾದ್ದರಿಂದ, ಹಳೆಯ ಕಾಲದಲ್ಲಿ ಒಂದು ಎಂಜಿನ್ನನ್ನೇ ಹಿಮ್ಮುಖವಾಗಿ ತಿರುಗುವಂತೆ ಕಟ್ಟುತ್ತಿದ್ದರು. ಅಂಥ ಎಂಜಿನ್ನಿನ ಕ್ಯಾಮ್, ಸ್ಟಾರ್ಟರ್ ಮಾತ್ರವಲ್ಲ, ಹಿಂಬದಿಯ ಸೀಲಿನ ಮೇಲಿನ ಓರೆ ಗೆರೆಗಳೂ ವಿರುದ್ಧ ದಿಕ್ಕಿನವು. ಸೀಲ್ ತಪ್ಪಿದರೆ ಅದು ಆಯಿಲನ್ನು ಒಳಗೆ ತಳ್ಳುವ ಬದಲು ಹೊರಗೆ ಎಳೆಯುತ್ತದೆ. ಷೆವ್ರೊಲೆ ವಿ8ರ ಸಾಮಾನ್ಯ ಫೈರಿಂಗ್ ಆರ್ಡರ್ (ಸಿಲಿಂಡರುಗಳಲ್ಲಿ ಇಂಧನ ಹೊತ್ತಿಕೊಳ್ಳುವ ಸರದಿ) 1-8-4-3-6-5-7-2 ಆದರೆ ಹಿಮ್ಮುಖದ ಎಂಜಿನ್ನಿನದು 1-2-7-5-6-3-4-8. ಕಂಪ್ಯೂಟರ್ ನಿಯಂತ್ರಿತ ಈಗಿನ ಎಂಜಿನ್ನುಗಳು ಒಂದೇ ದಿಕ್ಕಿನಲ್ಲಿ ತಿರುಗುತ್ತವೆ, ದಿಕ್ಕು ಬದಲಾಯಿಸುವ ಕೆಲಸ ಗೇರ್‌ಬಾಕ್ಸಿನದು. ಹಳೆಯ ಗೇರ್‌ಬಾಕ್ಸುಗಳಲ್ಲಿ ಅನೇಕವು ರಿವರ್ಸ್ ಗೇರಿನಲ್ಲಿ ಗಂಟೆಗಟ್ಟಲೆ ಪೂರ್ತಿ ಭಾರ ಹೊರಲು ತಯಾರಾದವಲ್ಲ. ಹಾಗಾಗಿ ಎಂಜಿನ್ನಿನ ದಿಕ್ಕು ಬದಲಾಗುವುದಾದರೆ ಗೇರ್‌ಬಾಕ್ಸಿನ ಲೆಕ್ಕವನ್ನೂ ಅಂದೇ ಹಾಕಬೇಕು.

ರೀಬಿಲ್ಡ್ ಎಂಬ ಪದದ ಹಿಂದೆ ಏನೆಲ್ಲ ಅಡಗಿರಬಹುದು ಎಂಬುದು ನನಗೆ ಬಹಳ ಕಾಳಜಿಯ ವಿಷಯ. ಒಬ್ಬರ ಪಾಲಿಗೆ ಅದು ರಿಂಗ್ ಮತ್ತು ಬೇರಿಂಗ್ ಬದಲಾಯಿಸಿ ಬಣ್ಣ ಬಳಿಯುವುದು. ಇನ್ನೊಬ್ಬರ ಪಾಲಿಗೆ ಪ್ರತಿಯೊಂದು ಭಾಗವನ್ನೂ ಅಳೆದು, ಕಾರ್ಖಾನೆಯ ಅಳತೆಗೆ ತಂದು ಕಟ್ಟುವುದು. ಬಣ್ಣ ಬಳಿದ ಮೇಲೆ ಎರಡೂ ಒಂದೇ ರೀತಿ ಹೊಳೆಯುತ್ತವೆ. ಆದ್ದರಿಂದ ಕಾಗದದ ಮೇಲೆ ಅಳತೆಗಳನ್ನು ಬರೆದುಕೊಡುವವರಲ್ಲಿ ಮಾತ್ರ ವ್ಯವಹರಿಸಬೇಕು. ಸಿಲಿಂಡರುಗಳನ್ನು ಎಷ್ಟು ಬೋರ್ ಮಾಡಿದ್ದಾರೆ, ಅಂದರೆ ಒಳಗಿನಿಂದ ಕೊರೆದು ಅಗಲಿಸಿದ್ದಾರೆ? ಇಂಚಿನ ಸಾವಿರ ಭಾಗಗಳಲ್ಲಿ 30 ಭಾಗ, ಅಂದರೆ ಸುಮಾರು 0.76 ಮಿಲಿಮೀಟರ್ ಸಾಮಾನ್ಯ. 60 ಎಂದರೆ ಎರಡರಷ್ಟು ಲೋಹ ಹೋಗಿದೆ, ಮತ್ತು ಸಮುದ್ರದ ನೀರು ನೇರವಾಗಿ ಹರಿದ ಬ್ಲಾಕಿನ ಗೋಡೆ ಹೊರಗಿನಿಂದಲೂ ಸವೆದಿರುವುದರಿಂದ, ಶಬ್ದತರಂಗದ ಮೂಲಕ ದಪ್ಪ ಅಳೆಯದೆ ಅಂಥದ್ದನ್ನು ತೆಗೆದುಕೊಳ್ಳಲೇಬಾರದು. ಕ್ರ್ಯಾಂಕನ್ನು ಗ್ರೈಂಡ್ ಮಾಡಿದ್ದರೆ ಸಾವಿರದ 10 ಭಾಗವೋ 20 ಭಾಗವೋ, ಬೇರಿಂಗ್ ಶೆಲ್ಲುಗಳು ಅದಕ್ಕೆ ಸರಿಯಾದವೋ? ಬ್ಲಾಕ್ ಮತ್ತು ಹೆಡ್ಡುಗಳಿಗೆ ಕಾಂತೀಯ ವಿಧಾನದಲ್ಲಿ ಬಿರುಕು ಪರೀಕ್ಷೆಯೂ ಒತ್ತಡದ ಪರೀಕ್ಷೆಯೂ ಆಗಿವೆಯೋ? ಪಿಸ್ಟನ್, ರಾಡ್ ಬೋಲ್ಟ್, ವಾಲ್ವ್ ಸ್ಪ್ರಿಂಗ್, ಟೈಮಿಂಗ್ ಚೈನ್, ಆಯಿಲ್ ಪಂಪ್ ಇವುಗಳಲ್ಲಿ ಯಾವುದು ಹೊಸದು, ಯಾವುದು ಹಳೆಯದು? ಒಳ್ಳೆಯ ಕೆಲಸಗಾರರು ಇಂಥ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ, ಏಕೆಂದರೆ ಉತ್ತರಗಳು ಅವರ ನೋಟ್‌ಬುಕ್ಕಿನಲ್ಲಿ ಮೊದಲೇ ಇರುತ್ತವೆ.

ವಾರಂಟಿಯ ಷರತ್ತುಗಳನ್ನು ಹಣ ಕೊಡುವ ಮೊದಲೇ ಓದಬೇಕು. ನೀರು ಒಳಹೊಕ್ಕು ಆದ ಹಾನಿಯನ್ನೂ ಅತಿಯಾಗಿ ಕಾದು ಆದ ಹಾನಿಯನ್ನೂ ವಾರಂಟಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ಅನೇಕ ರೀಬಿಲ್ಡರುಗಳು ಬ್ಲಾಕಿಗೋ ಹೆಡ್ಡಿಗೋ ನಾಣ್ಯಕ್ಕಿಂತ ಚಿಕ್ಕದಾದ ಬಿಲ್ಲೆಯೊಂದನ್ನು ಅಂಟಿಸಿರುತ್ತಾರೆ. ನಿಗದಿತ ಉಷ್ಣತೆ ಮೀರಿದೊಡನೆ ಅದರ ನಡುಭಾಗ ಕರಗಿ ಎಂಜಿನ್ ಕಾದದ್ದಕ್ಕೆ ಸಾಕ್ಷಿಯಾಗುತ್ತದೆ. ಎಂಜಿನ್ ಇಳಿಸಿ ಮತ್ತೆ ಏರಿಸುವ ಕೂಲಿ ವಾರಂಟಿಯಲ್ಲಿ ಸೇರಿದೆಯೇ ಎಂಬುದನ್ನೂ ಕೇಳಬೇಕು, ಏಕೆಂದರೆ ಬೋಟಿನಲ್ಲಿ ಆ ಕೂಲಿಯೇ ದೊಡ್ಡ ಮೊತ್ತವಾಗುತ್ತದೆ. ಹಳೆಯ ಎಂಜಿನ್ನನ್ನು ಹಿಂದಿರುಗಿಸಿದರೆ ಮರಳಿಸುವ ಠೇವಣಿಯೂ ಇರುತ್ತದೆ. ಆದರೆ ಚಳಿಗೆ ನೀರು ಹೆಪ್ಪುಗಟ್ಟಿ ಒಡೆದ ಬ್ಲಾಕನ್ನು ಯಾರೂ ತೆಗೆದುಕೊಳ್ಳುವುದಿಲ್ಲ.

ಬಳಸಿದ ಎಂಜಿನ್ನನ್ನು ಕೊಳ್ಳುವುದಾದರೆ ಅದು ಓಡುವುದನ್ನು ಕಣ್ಣಾರೆ ನೋಡಿ, ಬಿಸಿಯಿರುವಾಗಲೇ ಎಲ್ಲ ಸಿಲಿಂಡರುಗಳ ಕಂಪ್ರೆಷನ್ ಅಳೆಯಬೇಕು. ಅಳತೆ ಎಷ್ಟಿದೆ ಎಂಬುದಕ್ಕಿಂತ ಸಿಲಿಂಡರುಗಳ ನಡುವೆ ಎಷ್ಟು ಸಮಾನತೆ ಇದೆ ಎಂಬುದು ಹೆಚ್ಚು ತಿಳಿಸುತ್ತದೆ. ಗೋದಾಮಿನಲ್ಲಿ ಮರದ ಚೌಕಟ್ಟಿನ ಮೇಲೆ ಕೂತಿರುವ, ಚೆನ್ನಾಗಿ ಓಡುತ್ತಿತ್ತು ಎಂಬ ಮಾತನ್ನಷ್ಟೇ ಆಧಾರವಾಗಿ ಹೊಂದಿರುವ ಎಂಜಿನ್ನನ್ನು ರೀಬಿಲ್ಡ್ ಮಾಡಿಸಬೇಕಾದ ಕಚ್ಚಾ ಸಾಮಗ್ರಿ ಎಂದೇ ಲೆಕ್ಕ ಹಾಕಬೇಕು.

ಹೊಚ್ಚ ಹೊಸ ಎಂಜಿನ್ನಿನ ಅನುಕೂಲಗಳು ನಿಜ: ಇಂಧನ ಉಳಿತಾಯ, ಸುಲಭವಾಗಿ ಸ್ಟಾರ್ಟ್ ಆಗುವುದು, ಕಡಿಮೆ ಹೊಗೆ, ಬಲವಾದ ವಾರಂಟಿ. ಆದರೆ ಹಳೆಯ ಬೋಟಿನಲ್ಲಿ ಅದು ಎಂಜಿನ್ನಿನ ಬದಲಾವಣೆಯಷ್ಟಕ್ಕೇ ನಿಲ್ಲುವುದಿಲ್ಲ. ವೈರಿಂಗ್, ಮೀಟರುಗಳು, ಥ್ರಾಟಲ್ ಕಂಟ್ರೋಲ್, ಫ್ಯೂಯೆಲ್ ಲೈನ್ ಎಲ್ಲವೂ ಜೊತೆಗೆ ಬದಲಾಗುತ್ತವೆ. ಅಮೆರಿಕದಲ್ಲಿ 2010ರ ಮಾದರಿ ವರ್ಷದಿಂದ ಇನ್‌ಬೋರ್ಡ್ ಮತ್ತು ಸ್ಟರ್ನ್‌ಡ್ರೈವ್ (ಎಂಜಿನ್ ಒಳಗಿದ್ದು, ಪ್ರೊಪೆಲ್ಲರ್ ತಿರುಗಿಸುವ ಘಟಕ ಬೋಟಿನ ಹಿಂಬದಿಯ ಹೊರಗಿರುವ) ಪೆಟ್ರೋಲ್ ಎಂಜಿನ್ನುಗಳಿಗೆ ವಿಧಿಸಿದ ಹೊಗೆಯ ಮಿತಿಯಿಂದಾಗಿ ಎಕ್ಸಾಸ್ಟಿನಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿಕೊಂಡಿತು; ಹಳೆಯ ಎಂಜಿನ್ ಕೋಣೆಯಲ್ಲಿ ಅದಕ್ಕೆ ಜಾಗವಿದೆಯೇ ಎಂಬುದನ್ನು ಟೇಪ್ ಹಿಡಿದೇ ನೋಡಬೇಕು. ಮರ್ಕ್ಯುರಿ ಕಂಪನಿ 2014ರಲ್ಲಿ 4.5 ಲೀಟರಿನ ವಿ6 ತರುವ ಮೂಲಕ ಕಾರಿನ ಬ್ಲಾಕನ್ನು ಬಿಟ್ಟು ತನ್ನದೇ ವಿನ್ಯಾಸದ ಎಂಜಿನ್ನುಗಳತ್ತ ಹೊರಳಿತು. ಮುಂದಿನ ಹತ್ತಿಪ್ಪತ್ತು ವರ್ಷ ಅದೇ ಬೋಟಿನಲ್ಲಿ ಇರುವ ನಿಶ್ಚಯ ಇರುವವರಿಗೆ ಹೊಸ ಎಂಜಿನ್ ಸರಿಯಾದೀತು. ಮಾರುವ ಆಲೋಚನೆ ಇರುವವರಿಗೆ ಆ ಖರ್ಚು ಬೋಟಿನ ಬೆಲೆಯಲ್ಲಿ ಹಿಂದಿರುಗುವುದಿಲ್ಲ.

ಡೀಸೆಲ್ ಬೋಟುಗಳ ಮಾಲೀಕರ ಲೆಕ್ಕ ಬೇರೆ. 1938ರಲ್ಲಿ ಶುರುವಾದ ಡೆಟ್ರಾಯಿಟ್ ಡೀಸೆಲ್‌ನ 71 ಸರಣಿಯಂಥ ಎಂಜಿನ್ನುಗಳಲ್ಲಿ ಸಿಲಿಂಡರ್ ಲೈನರ್ (ಸಿಲಿಂಡರಿನ ಒಳಗೋಡೆಯಾದ ಬಿಡಿ ಕೊಳವೆ) ಬದಲಾಯಿಸಬಹುದಾದ್ದರಿಂದ, ಕೈಯಾಡಿಸಲು ಜಾಗವಿದ್ದರೆ, ಎಂಜಿನ್ ಇಳಿಸದೆ ಬೋಟಿನೊಳಗೇ ಲೈನರ್, ಪಿಸ್ಟನ್, ಬೇರಿಂಗ್ ಹಾಕಿ ಮುಗಿಸಬಹುದು. ಕ್ರ್ಯಾಂಕ್ ಕೆಟ್ಟಿದ್ದರೆ ಮಾತ್ರ ಇಳಿಸದೆ ಗತಿಯಿಲ್ಲ. ಡೆಕ್ ಕತ್ತರಿಸಿ ಎಂಜಿನ್ ಹೊರತೆಗೆಯಬೇಕಾದ ಬೋಟಿನಲ್ಲಿ ಈ ಒಂದು ಸಂಗತಿಯೇ ತೀರ್ಮಾನವನ್ನು ಮಾಡಿಬಿಡುತ್ತದೆ. ಪೆಟ್ರೋಲಿನಿಂದ ಡೀಸೆಲ್ಲಿಗೆ ಬದಲಾಯಿಸುವ ಆಸೆ ನನಗೆ ಅರ್ಥವಾಗುತ್ತದೆ, ಸುರಕ್ಷತೆಯ ದೃಷ್ಟಿಯಿಂದ ಅದು ಒಳ್ಳೆಯ ಆಸೆಯೇ. ಆದರೆ ತೂಕ, ಟ್ಯಾಂಕಿಗೆ ಮರಳುವ ಡೀಸೆಲ್ ಲೈನ್, ಹೆಚ್ಚು ಗಾಳಿ, ದೊಡ್ಡ ಎಕ್ಸಾಸ್ಟ್, ಬೇರೆ ಅನುಪಾತದ ಗೇರ್‌ಬಾಕ್ಸ್, ದೊಡ್ಡ ಪ್ರೊಪೆಲ್ಲರ್ ಎಲ್ಲ ಸೇರಿದಾಗ ಅದು ಅರ್ಧ ಬೋಟನ್ನು ಮತ್ತೆ ಕಟ್ಟುವ ಕೆಲಸವಾಗುತ್ತದೆ.

ಬದಲಾಯಿಸುವುದೇ ಆದರೆ ಇನ್ನಷ್ಟು ಶಕ್ತಿಯ ಎಂಜಿನ್ ಹಾಕಿಬಿಡೋಣ ಎಂಬ ಸಲಹೆ ಎಲ್ಲ ಕಡೆಯಿಂದಲೂ ಬರುತ್ತದೆ. ನೀರನ್ನು ಸೀಳಿಕೊಂಡೇ ಸಾಗುವ, ನೀರಿನ ಮೇಲೆ ಏಳದ ಭಾರದ ಬೋಟುಗಳಲ್ಲಿ ಇದರಿಂದ ಏನೂ ಪ್ರಯೋಜನವಿಲ್ಲ. ನೀರಿನ ಮಟ್ಟದಲ್ಲಿ ಅಳೆದ ಉದ್ದದ ಅಡಿಗಳ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಅಂಥ ಬೋಟಿನ ಸಹಜ ವೇಗದ ಮಿತಿ ನಾಟ್‌ಗಳಲ್ಲಿ (ಗಂಟೆಗೆ ಇಷ್ಟು ನಾಟಿಕಲ್ ಮೈಲು ಎಂಬ ಲೆಕ್ಕದಲ್ಲಿ) ಸಿಗುತ್ತದೆ. 36 ಅಡಿಯ ಬೋಟಿಗೆ ಅದು ಸುಮಾರು 8 ನಾಟ್. ಅದಕ್ಕಿಂತ ಮೇಲೆ ಸುರಿದ ಇಂಧನವೆಲ್ಲ ಅಲೆ ಎಬ್ಬಿಸುವುದರಲ್ಲೇ ಹೋಗುತ್ತದೆ. ನೀರಿನ ಮೇಲೆ ಏರಿ ಓಡುವ ಹಗುರ ಬೋಟುಗಳಲ್ಲಿ ವೇಗ ಹೆಚ್ಚುವುದು ನಿಜ, ಆದರೆ ಹಳೆಯ ಸ್ಟರ್ನ್‌ಡ್ರೈವ್, ಗೇರ್‌ಬಾಕ್ಸ್, ಶಾಫ್ಟ್ ಇವೆಲ್ಲ ಹಳೆಯ ಎಂಜಿನ್ನಿನ ಬಲಕ್ಕೆ ಲೆಕ್ಕ ಹಾಕಿ ಮಾಡಿದವು.

ಎಂಜಿನ್ ಹೊರಗಿರುವ ದಿನಗಳು ಅಮೂಲ್ಯ. ಎಂಜಿನ್ ಕೂರುವ ಉದ್ದನೆಯ ತೊಲೆಗಳ ಒಳಗಿನ ಮರ ನೀರು ಕುಡಿದು ಕೊಳೆತಿದೆಯೇ ಎಂದು ಸುತ್ತಿಗೆಯ ಹಿಡಿಯಿಂದ ಬಡಿದು ಕೇಳಬೇಕು, ಮೌಂಟಿನ ಬೋಲ್ಟುಗಳನ್ನು ಬಿಚ್ಚಿ ತೂತಿನೊಳಗಿನ ಮರ ಗಟ್ಟಿಯಿದೆಯೇ ಎಂದು ನೋಡಬೇಕು. ಎಂಜಿನ್ ಇದ್ದಾಗ ಕೈಗೆಟುಕದ ಟ್ಯಾಂಕ್, ಹೋಸ್, ವೈರ್ ಎಲ್ಲವನ್ನೂ ಆಗಲೇ ಸರಿಪಡಿಸಬೇಕು. ಶಾಫ್ಟ್ ಬೋಟಾದರೆ ಕಪ್ಲಿಂಗಿನ ಕೊನೆಯ ಅಲೈನ್‌ಮೆಂಟನ್ನು ಬೋಟ್ ನೀರಿಗಿಳಿದು, ಅದರ ಒಡಲು ತನ್ನ ಸಹಜ ಆಕಾರಕ್ಕೆ ಬಂದ ಮೇಲೆಯೇ ಮಾಡಬೇಕು. ನಾಲ್ಕು ಇಂಚಿನ ಕಪ್ಲಿಂಗಿನ ಎರಡು ಮುಖಗಳ ನಡುವಿನ ಸಂದು ಸುತ್ತಲೂ 0.1 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಾಗಬಾರದು.

ಮೊದಲ ಸ್ಟಾರ್ಟಿನ ಕ್ರಮ ಎಂಜಿನ್ನಿನ ಜಾತಿಯನ್ನು ಅವಲಂಬಿಸುತ್ತದೆ. ಹಳೆಯ ಬಗೆಯ ಚಪ್ಪಟೆ ಟ್ಯಾಪೆಟ್ಟಿನ (ಕ್ಯಾಮಿನ ಮೇಲೆ ಉಜ್ಜಿಕೊಂಡು ವಾಲ್ವ್ ತೆರೆಯಿಸುವ ಭಾಗದ) ಕ್ಯಾಮ್ ಇದ್ದರೆ, ನೀರು ಸರಿಯಾಗಿ ಬರುತ್ತಿರುವುದನ್ನು ಖಚಿತಪಡಿಸಿಕೊಂಡು, ಸ್ಟಾರ್ಟ್ ಆದೊಡನೆ ಸುಮಾರು 2000 ಆರ್‌ಪಿಎಂಗೆ ಏರಿಸಿ ಇಪ್ಪತ್ತು ನಿಮಿಷ ಅಲ್ಲೇ ಸ್ವಲ್ಪ ಮೇಲೆ ಕೆಳಗೆ ಮಾಡುತ್ತಾ ಓಡಿಸಬೇಕು; ಸುಮ್ಮನೆ ನಿಧಾನಗತಿಯಲ್ಲಿ ಬಿಟ್ಟರೆ ಕ್ಯಾಮಿನ ಉಬ್ಬುಗಳು ಆಯಿಲ್ ಸಾಲದೆ ಮೊದಲ ದಿನವೇ ಸವೆಯುತ್ತವೆ. ಇದಾದ ಮೇಲೆ ಪ್ರೊಪೆಲ್ಲರಿನ ಪರೀಕ್ಷೆ. ಎಂಜಿನ್ ಪಳಗಿದ ಬಳಿಕ, ಎಂದಿನ ಭಾರ ಹೊತ್ತ ಬೋಟಿನಲ್ಲಿ ಥ್ರಾಟಲ್ ಪೂರ್ತಿ ತೆರೆದಾಗ, ತಯಾರಕರು ಹೇಳಿದ ಮಿತಿಯೊಳಗೆ ಎಂಜಿನ್ ತಿರುಗಲೇಬೇಕು, 5.7 ಲೀಟರಿನ ಅನೇಕ ಮಾದರಿಗಳಿಗೆ ಅದು 4400ರಿಂದ 4800 ಆರ್‌ಪಿಎಂ. 4000ಕ್ಕೇ ನಿಂತುಬಿಟ್ಟರೆ ಎಂಜಿನ್ ಏದುಸಿರು ಬಿಡುತ್ತಿದೆ ಎಂದರ್ಥ, ಅಂಥ ಭಾರದಡಿ ರಿಂಗ್ ಮತ್ತು ವಾಲ್ವುಗಳು ಬೇಗ ಸುಟ್ಟುಹೋಗುತ್ತವೆ. ಪ್ರೊಪೆಲ್ಲರಿನ ಪಿಚ್ (ಒಂದು ಸುತ್ತಿಗೆ ಅದು ಮುಂದೆ ಸಾಗುವ ಲೆಕ್ಕದ ದೂರ) ಒಂದು ಇಂಚು ಇಳಿಸಿದರೆ 150ರಿಂದ 200 ಆರ್‌ಪಿಎಂ ಏರುತ್ತದೆ, ಅದರಂತೆ ಲೆಕ್ಕ ಹಾಕಿ ಬದಲಾಯಿಸಬಹುದು. ಮೊದಲ ಇಪ್ಪತ್ತು ಗಂಟೆಗಳ ಓಟ ಮುಗಿದಾಗ ಆಯಿಲ್ ಬದಲಾಯಿಸಿ, ತೆಗೆದ ಫಿಲ್ಟರನ್ನು ಎಸೆಯದೆ ಕತ್ತರಿಸಿ, ಅದರ ಮಡಿಕೆಗಳನ್ನು ಬಿಡಿಸಿ ನೋಡಬೇಕು. ನಯವಾದ ಬೂದುಬಣ್ಣದ ಲೇಪ ಕಂಡರೆ ಚಿಂತೆಯಿಲ್ಲ, ಹೊಸ ರಿಂಗುಗಳು ಕೂರುವಾಗ ಅದು ಸಹಜ; ಬೆರಳಿಗೆ ತಗುಲುವ ಚೂರುಗಳು ಕಂಡರೆ ವಾರಂಟಿ ಇರುವಾಗಲೇ ಕಟ್ಟಿದವರನ್ನು ಕರೆಸಿ, ಆ ಫಿಲ್ಟರನ್ನು ಅವರ ಮುಂದೆ ಇಡಬೇಕು.